ಮನೆನಾಯಿಗೆ ತೋಳದ ಕಾನೂನು

ಮುಂಬೈಯಲ್ಲಾಗಲಿ ಹೈದರಾಬಾದಿನಲ್ಲಾಗಲಿ, ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ನಾಯಿಮರಿಯೊಂದು ಬಂತೆಂದರೆ ಅದರ ಹಿಂದೆಯೇ ಸಲಹೆಗಳೂ ಬರುತ್ತವೆ. ಮೇಲಿನ ಮಹಡಿಯವರು ಒಂದು ಹೇಳುತ್ತಾರೆ, ಲಿಫ್ಟಿನಲ್ಲಿ ಸಿಕ್ಕವರು ಇನ್ನೊಂದು, ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡ ಟ್ರೇನರ್ ಮತ್ತೊಂದು. ನಿಮ್ಮ ಊಟ ಮುಗಿದ ಮೇಲೆಯೇ ಅದಕ್ಕೆ ಹಾಕಿ. ಬಾಗಿಲು ದಾಟುವಾಗ ನೀವು ಮುಂದೆ, ಅದು ಹಿಂದೆ. ಸೋಫಾ ಹತ್ತಲು ಬಿಡಬೇಡಿ, ಎತ್ತರದಲ್ಲಿ ಕೂತರೆ ತಾನೇ ದೊಡ್ಡದು ಅಂದುಕೊಳ್ಳುತ್ತೆ. ಹಗ್ಗ ಜಗ್ಗುವ ಆಟದಲ್ಲಿ ಗೆಲ್ಲಿಸಬೇಡಿ. ಗುರ್ ಅಂದರೆ ಕುತ್ತಿಗೆ ಹಿಡಿದು ಬೆನ್ನಮೇಲೆ ಕೆಡವಿ, ಸುಮ್ಮನಾಗುವ ತನಕ ಒತ್ತಿ ಹಿಡಿಯಿರಿ. ಹೇಳುವವರು ಬೇರೆಬೇರೆ, ಹೇಳುವ ಮಾತು ಒಂದೇ: ಅದು ತೋಳದ ಜಾತಿ, ಹಿಂಡಿಗೆ ಒಬ್ಬನೇ ನಾಯಕ, ಮನೆಯ ಯಜಮಾನ ಯಾರೆಂದು ಅದಕ್ಕೆ ಮೊದಲ ದಿನವೇ ಗೊತ್ತಾಗಬೇಕು.

ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದ ತಿಳಿವಳಿಕೆಯೆಂಬಂತೆ ಇದನ್ನು ಹೇಳುವುದುಂಟು. ಹಾಗೇನಲ್ಲ. ಈ ಸಲಹೆ ಹುಟ್ಟಿದ ಊರು, ಬೆಳೆದ ದಾರಿ, ಅದನ್ನು ಹೊತ್ತು ತಂದವರ ಹೆಸರು ಎಲ್ಲವೂ ದಾಖಲೆಯಲ್ಲಿವೆ. ಹಾಗೆ ಹೊತ್ತು ತಂದವರಲ್ಲಿ ಒಬ್ಬರು ತಮ್ಮ ಮಾತನ್ನು ವಾಪಸು ಪಡೆಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದರು ಎಂಬುದೂ ದಾಖಲೆಯಲ್ಲಿದೆ.

ನಾಯಿಗಳ ಬಗ್ಗೆ ಬರೆದಿಡುವ ರೂಢಿಯೇನೋ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆನಾಯಿಗಳ ವಿನೋದಕ್ಕೆಂದೇ ಒಂದು ಭಾಗವಿದೆ. ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದಿನದು ಮಂಡ್ಯ ಸೀಮೆಯ ಆತಕೂರಿನ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ದೊರೆಯಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೇ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಈಗಲೂ ಇದೆ. ಆದರೆ ಇವತ್ತಿನ ಟ್ರೇನರ್ ಹೇಳುವ ಪಾಠಕ್ಕೂ ಈ ಪರಂಪರೆಗೂ ನಂಟಿಲ್ಲ. ಆ ಪಾಠ ಬಂದದ್ದು ಬೇರೆ ಕಡೆಯಿಂದ.

ಮೊದಲ ನಿಲ್ದಾಣ ಜರ್ಮನಿಯ ಜಾರ್‌ಬ್ರುಕನ್ ಪೊಲೀಸ್ ಕಚೇರಿ. ಕೊನ್ರಾಡ್ ಮೋಸ್ಟ್ ಎಂಬ ಅಧಿಕಾರಿ 1906ರಲ್ಲಿ ಅಲ್ಲಿ ಪೊಲೀಸ್ ನಾಯಿಗಳನ್ನು ತಯಾರು ಮಾಡಲು ತೊಡಗಿದರು. 1910ರಲ್ಲಿ ಅವರ ಕೈಪಿಡಿ ಬಂತು. ಮುಂದೆ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ನಾಯಿಗಳಿಗೂ ಅದೇ ಪಾಠ. ಮೋಸ್ಟ್ ದಡ್ಡರಲ್ಲ. ನಾಯಿಗೆ ಮನುಷ್ಯನ ಭಾಷೆಯಾಗಲಿ ನೀತಿಯಾಗಲಿ ಅರ್ಥವಾಗುವುದಿಲ್ಲ, ಮಾಡಿದ ಕೆಲಸಕ್ಕೆ ತಕ್ಷಣ ಬಂದ ಫಲ ಮಾತ್ರ ಅದಕ್ಕೆ ತಿಳಿಯುತ್ತದೆ ಎಂಬುದನ್ನು ಆಗಲೇ ಬರೆದಿಟ್ಟವರು. ಅರ್ಧ ಗಂಟೆಯ ಹಿಂದೆ ಚಪ್ಪಲಿ ಕಚ್ಚಿದ್ದಕ್ಕೆ ಈಗ ಹೊಡೆದರೆ ಪ್ರಯೋಜನವಿಲ್ಲ ಎಂಬ ಇವತ್ತಿನ ಮಾತು ಆ ಪುಸ್ತಕದ ತರ್ಕವೇ. ಆದರೆ ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಅದರಲ್ಲಿತ್ತು: ಮನುಷ್ಯ ಮತ್ತು ನಾಯಿಯ ನಡುವೆ ಮೇಲು ಕೀಳು ಯಾರೆಂಬುದು ದೇಹಬಲದಿಂದ, ನಿಜವಾದ ಸೆಣಸಾಟದಲ್ಲಿ ಮನುಷ್ಯ ಗೆಲ್ಲುವುದರಿಂದ ಮಾತ್ರ ತೀರ್ಮಾನವಾಗುತ್ತದೆ ಎಂಬುದು. ಹಗ್ಗ ಜಗ್ಗುವುದು, ಮುಳ್ಳಿನ ಕೊರಳಪಟ್ಟಿ, ಚಾಟಿ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಬ್ಯಾರಕ್ಕಿನಲ್ಲಿ ಹುಟ್ಟಿದ ಪುಸ್ತಕ. ಬ್ಯಾರಕ್ಕಿನಲ್ಲಿ ಸಿಪಾಯಿಗಳಿಗೂ ಆ ಕಾಲದಲ್ಲಿ ಸಿಗುತ್ತಿದ್ದದ್ದು ಹೆಚ್ಚು ಕಡಿಮೆ ಅದೇ.

ಇದು ಅಭ್ಯಾಸವಾಗಿತ್ತು, ವಿಜ್ಞಾನವಾಗಿರಲಿಲ್ಲ. ವಿಜ್ಞಾನದ ಸರ್ಟಿಫಿಕೇಟು ಸಿಕ್ಕಿದ್ದು ಕೋಳಿಗಳಿಂದ, ಆಮೇಲೆ ತೋಳಗಳಿಂದ.

ನಾರ್ವೆಯ ಥೋರ್ಲೈಫ್ ಶೆಲ್ಡರುಪ್-ಎಬ್ಬೆಗೆ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ ಕೂರುವ ಹುಚ್ಚು. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ತಿರುಗಿ ಕುಕ್ಕದೆ ಸರಿದುಕೊಳ್ಳುತ್ತದೆ ಎಂದು ಲೆಕ್ಕವಿಟ್ಟು, 1920ರ ದಶಕದ ಆರಂಭದಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಕುಕ್ಕುವ ಸರದಿ ಎಂಬ ಕಲ್ಪನೆ ಅಲ್ಲಿಂದ ಬಂತು. ಪ್ರಾಣಿಗಳ ಗುಂಪು ಎಂದರೆ ಮೆಟ್ಟಿಲು ಮೆಟ್ಟಿಲಾದ ಅಂತಸ್ತು ಎಂಬ ಯೋಚನೆ ಯೂರೋಪಿನ ಪ್ರಾಣಿಶಾಸ್ತ್ರಜ್ಞರಿಗೆ ಎಷ್ಟು ಹಿಡಿಸಿತೆಂದರೆ, ಎಲ್ಲೆಲ್ಲೂ ಅದೇ ಕಾಣತೊಡಗಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ರುಡಾಲ್ಫ್ ಶೆಂಕೆಲ್ ತೋಳಗಳನ್ನು ಗಮನಿಸುತ್ತಿದ್ದದ್ದು ಆ ದಿನಗಳಲ್ಲೇ. ಆವರಣದ ಅಳತೆ 10 ಮೀಟರ್ ಅಗಲ, 20 ಮೀಟರ್ ಉದ್ದ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು 40–60 ಸೈಟಿಗಿಂತ ಸ್ವಲ್ಪ ಚಿಕ್ಕದು. ಅದರೊಳಗೆ ಕೆಲವೊಮ್ಮೆ ಹತ್ತು ತೋಳಗಳು. ಕಾಡಿನ ತೋಳದ ಹಿಂಡೊಂದು ಓಡಾಡುವ ನೆಲ ನೂರಾರು ಚದರ ಕಿಲೋಮೀಟರ್, ಉತ್ತರ ಧ್ರುವದ ಕಡೆಗೆ ಸಾವಿರವನ್ನೂ ದಾಟುತ್ತದೆ. ಬಾಸೆಲ್‌ನ ತೋಳಗಳಿಗೆ ಬೇಟೆಯಿಲ್ಲ, ಬೇರೆ ಕೆಲಸವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಗಳವಾದರೆ ಎದ್ದು ಹೋಗಲು ದಾರಿಯಿಲ್ಲ. ಕಾಡಿನಲ್ಲಿ ಬೆಳೆದ ತೋಳದ ಮರಿ ಒಂದರಿಂದ ಮೂರು ವರ್ಷದೊಳಗೆ ತವರು ಬಿಟ್ಟು ಹೊರಡುತ್ತದೆ, ಬೇರೆಲ್ಲೋ ಜೊತೆ ಹುಡುಕಿಕೊಂಡು ತನ್ನದೇ ಸಂಸಾರ ಹೂಡುತ್ತದೆ. ಇಲ್ಲಿ ಬೇಲಿ ಅಡ್ಡ ಬಂತು. ಹೊರಡಬೇಕಾದ ವಯಸ್ಸಿನ ಪ್ರಾಣಿಗಳು ಹೊರಡಲಾಗದೆ ಒಂದೇ ಅಂಗಳದಲ್ಲಿ ಕಾದಾಡಿದವು.

ಶೆಂಕೆಲ್ ಕಂಡದ್ದನ್ನು ಕಂಡಂತೆಯೇ ಬರೆದರು. ಗಂಡುಗಳಲ್ಲಿ ಒಂದು, ಹೆಣ್ಣುಗಳಲ್ಲಿ ಒಂದು ಉಳಿದೆಲ್ಲವನ್ನೂ ಅದುಮಿಟ್ಟು ಮೇಲೆ ನಿಲ್ಲುತ್ತವೆ. ಆ ಜಾಗವನ್ನು ಸತತವಾಗಿ ಕಾಯ್ದುಕೊಳ್ಳುತ್ತವೆ. ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರವಾದ 'ಆಲ್ಫಾ' ಎಂಬ ಹೆಸರು ಆ ಸ್ಥಾನಕ್ಕೆ ಅಂಟಿಕೊಂಡಿತು. 1947ರಲ್ಲಿ ಪ್ರಕಟವಾದ ಆ ಲೇಖನದಲ್ಲಿ ಅವರು ಮನೆಯ ನಾಯಿಗಳ ನಡತೆಯನ್ನೂ ಅಲ್ಲಲ್ಲಿ ಹೋಲಿಸಿದ್ದರು. ಸೆರೆಮನೆಯನ್ನು ನೋಡಿ ಊರಿನ ರೀತಿ ನೀತಿ ಬರೆದಂತಾಯಿತು. ಲೇಖಕರನ್ನು ಪೂರ್ತಿ ದೂರುವಂತಿಲ್ಲ. ಆ ಕಾಲದಲ್ಲಿ ಕಾಡಿನ ತೋಳವನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ ವಿಜ್ಞಾನಿಗಳು ತೀರ ವಿರಳ, ಯೂರೋಪಿನ ಬಹುಭಾಗದಲ್ಲಿ ನೋಡಲು ತೋಳಗಳೇ ಉಳಿದಿರಲಿಲ್ಲ.

ಅಮೆರಿಕದ ಡೇವಿಡ್ ಮೀಚ್ ತೋಳಗಳ ಬೆನ್ನು ಹತ್ತಿದ್ದು 1958ರಲ್ಲಿ. ಸುಪೀರಿಯರ್ ಸರೋವರದ ನಡುವಿನ ಐಲ್ ರಾಯಲ್ ದ್ವೀಪದಲ್ಲಿ, ಹಿಮದ ಮೇಲೆ ಸಣ್ಣ ವಿಮಾನದಲ್ಲಿ ಸುತ್ತುತ್ತ, ತೋಳಗಳೂ ಮೂಸ್ ಜಿಂಕೆಗಳೂ ಒಂದರ ಬೆನ್ನಿಗೊಂದು ಓಡುವುದನ್ನು ಲೆಕ್ಕ ಹಾಕಿದ ವಿದ್ಯಾರ್ಥಿ ಅವರು. 1970ರಲ್ಲಿ ಅವರು ತೋಳಗಳ ಬಗ್ಗೆ ಆವರೆಗೆ ತಿಳಿದದ್ದನ್ನೆಲ್ಲ ಒಟ್ಟು ಮಾಡಿ ದೊಡ್ಡ ಪುಸ್ತಕ ಬರೆದರು. ಒಟ್ಟು ಮಾಡುವಾಗ ಶೆಂಕೆಲ್ಲರ ಆಲ್ಫಾ ಕೂಡ ಒಳಗೆ ಬಂತು. ಪುಸ್ತಕ ಚೆನ್ನಾಗಿ ಓಡಿತು. ತೋಳವೆಂದರೆ ಕುರಿ ಕದಿಯುವ ದುಷ್ಟ ಎಂದಷ್ಟೇ ತಿಳಿದಿದ್ದ ಜನಕ್ಕೆ ಅದೊಂದು ಹೊಸ ಲೋಕ.

ನಾಯಿಯ ಲೋಕಕ್ಕೆ ಅದು ದಾಟಿದ್ದು ಎಂಟು ವರ್ಷಗಳ ನಂತರ, ಒಂದು ಮಠದ ಮೂಲಕ. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಎಂಬ ಕ್ರೈಸ್ತ ಮಠದ ಸನ್ಯಾಸಿಗಳು ಜೀವನೋಪಾಯಕ್ಕಾಗಿ ಜರ್ಮನ್ ಶೆಫರ್ಡ್ ನಾಯಿಗಳನ್ನು ಬೆಳೆಸುತ್ತಿದ್ದರು. 1978ರಲ್ಲಿ ಅವರ ಪುಸ್ತಕ ಬಂತು. ನಾಯಿಯೊಂದಿಗೆ ಸ್ನೇಹದಿಂದ ಬಾಳುವ ಬಗೆಯನ್ನು ಹೇಳುವ, ಬಹುಮಟ್ಟಿಗೆ ಮೃದುವಾದ ಪುಸ್ತಕವೇ ಅದು. ಆದರೆ ನಾಯಿಯನ್ನು ಬೆನ್ನಮೇಲೆ ಉರುಳಿಸಿ ಗಂಟಲು ಅದುಮಿ ಕಣ್ಣಲ್ಲಿ ಕಣ್ಣಿಟ್ಟು ನೋಡುವ 'ಆಲ್ಫಾ ಉರುಳು' ಜನಪ್ರಿಯವಾದದ್ದು ಆ ಪುಸ್ತಕದಿಂದ. ಹಿಂಡಿನ ನಾಯಕ ಹೀಗೆಯೇ ಮಾಡುತ್ತಾನೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಇಲ್ಲೊಂದು ತಮಾಷೆಯಿದೆ. ತೋಳ ತೋಳವನ್ನು ಹಾಗೆ ಉರುಳಿಸುವುದಿಲ್ಲ. ಕೆಳಗಿನದು ತಾನಾಗಿ ಉರುಳಿ ಹೊಟ್ಟೆ ತೋರಿಸುತ್ತದೆ. ಶೆಂಕೆಲ್ಲರೇ 1967ರಲ್ಲಿ ಶರಣಾಗತಿಯ ಬಗ್ಗೆ ಇನ್ನೊಂದು ಲೇಖನ ಬರೆದು, ಈ ಭಂಗಿಯ ಬೇರು ತಾಯಿ ನೆಕ್ಕಿ ಶುಚಿ ಮಾಡುವಾಗ ಮರಿ ಅಂಗಾತ ಮಲಗುವ ರೀತಿಯಲ್ಲಿದೆ ಎಂದು ತೋರಿಸಿದ್ದರು. ಮಗು ತಾಯಿಯ ತೊಡೆಯ ಮೇಲೆ ಮೈಚೆಲ್ಲಿದಂತೆ. ಬಲವಂತವಾಗಿ ಕೆಡವಿ ಗಂಟಲು ಹಿಡಿಯುವುದು ಪ್ರಾಣಿಲೋಕದಲ್ಲಿ ಒಂದೇ ಸಂದರ್ಭದಲ್ಲಿ: ಕೊಲ್ಲಲು ಹೊರಟಾಗ. ಮೂರು ತಿಂಗಳ ಮರಿಗೆ ಮನೆಯವರ ಆ ಹಿಡಿತ ಹೇಗೆ ಕಂಡೀತು ಎಂದು ಯಾರೂ ಕೇಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ನಾಯಿಗಳಿಗೆ ತರಬೇತಿ ಕೊಟ್ಟು, ಆಮೇಲೆ ಡಿಸ್ನಿ ಸಿನಿಮಾಗಳಿಗೆ ನಾಯಿಗಳನ್ನು ಪಳಗಿಸಿದ ವಿಲಿಯಂ ಕೋಲರ್ 1962ರಲ್ಲೇ ಚೋಕ್ ಚೈನಿನ ಪಾಠವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದರು. ಅಂಗಳದಲ್ಲಿ ಗುಂಡಿ ತೋಡುವ ನಾಯಿಗೆ ಅವರು ಹೇಳಿದ ಮದ್ದು, ಅದೇ ಗುಂಡಿಗೆ ನೀರು ತುಂಬಿಸಿ ಅದರ ಮೂತಿಯನ್ನು ಮುಳುಗಿಸುವುದು. ಮೋಸ್ಟ್‌ರ ಬ್ಯಾರಕ್ಕು, ಕೋಲರರ ಚೈನು, ಬಾಸೆಲ್‌ನ ತೋಳ ಮೂರೂ 1980ರ ಹೊತ್ತಿಗೆ ಒಂದೇ ಕಷಾಯವಾದವು. 2004ರಿಂದ ಹಿಂಡಿನ ನಾಯಕನ ಟೀವಿ ಕಾರ್ಯಕ್ರಮ ಶುರುವಾದ ಮೇಲೆ ಅದು ಅಮೆರಿಕದ ಗಡಿಯನ್ನೂ ದಾಟಿತು.

ಇತ್ತ ಮೀಚ್ 1986ರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಅಲ್ಲಿಯ ಬಿಳಿ ತೋಳಗಳನ್ನು ಯಾರೂ ಬೇಟೆಯಾಡಿರಲಿಲ್ಲ, ಹಾಗಾಗಿ ಅವಕ್ಕೆ ಮನುಷ್ಯನ ಹೆದರಿಕೆಯಿಲ್ಲ. ಬೇಸಿಗೆಯ ಹಗಲು ಮುಗಿಯದ ಆ ನೆಲದಲ್ಲಿ ಗವಿಯ ಪಕ್ಕದಲ್ಲೇ ಡೇರೆ ಹಾಕಿ, ಮರಿಗಳು ಮೀಟರಿನಷ್ಟು ಹತ್ತಿರ ಓಡಾಡುವಾಗ ಅವರು ಸುಮ್ಮನೆ ಕೂತು ನೋಡಿದರು. 1998ರವರೆಗೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯೂ ಅಲ್ಲೇ. ಆಲ್ಫಾ ಗಂಡು ಎನ್ನಿಸಿಕೊಂಡದ್ದು ಅಪ್ಪ. ಆಲ್ಫಾ ಹೆಣ್ಣು ಅಮ್ಮ. ಹಿಂಡು ಎಂದರೆ ಈ ವರ್ಷದ ಮರಿಗಳು, ಹೋದ ವರ್ಷದ ಅಕ್ಕಂದಿರು ಅಣ್ಣಂದಿರು. ಅಪ್ಪ ಬೇಟೆಯಾಡಿ ಬಂದು ಮರಿಗಳಿಗೆ ಉಣಿಸುತ್ತದೆ, ಅಮ್ಮ ಗವಿ ಕಾಯುತ್ತದೆ, ದೊಡ್ಡ ಮರಿಗಳು ಚಿಕ್ಕವನ್ನು ಆಡಿಸುತ್ತವೆ. ಯಜಮಾನಿಕೆಗಾಗಿ ನಡೆದ ಕಾಳಗ ಒಂದನ್ನೂ ಅಷ್ಟು ವರ್ಷಗಳಲ್ಲಿ ತಾನು ಕಾಣಲಿಲ್ಲ ಎಂದು ಮೀಚ್ 1999ರ ಲೇಖನದಲ್ಲಿ ಬರೆದರು. ಕಾಡಿನ ತೋಳವನ್ನು ಆಲ್ಫಾ ಎನ್ನುವುದು, ಮಕ್ಕಳಿರುವ ಅಪ್ಪ ಅಮ್ಮನನ್ನು ಆಲ್ಫಾ ಎಂದು ಕರೆದಂತೆ ಅರ್ಥವಿಲ್ಲದ ಮಾತು ಎಂಬುದು ಅವರ ತೀರ್ಮಾನ.

ಕನ್ನಡದವರಿಗೆ ಇದು ಸುಲಭವಾಗಿ ತಿಳಿಯಬೇಕು. ಕೂಡುಕುಟುಂಬದ ಮನೆಯಲ್ಲಿ ಯಜಮಾನ ಎಂಬ ಪದಕ್ಕೆ ಒಂದು ತೂಕವಿತ್ತು. ಆದರೆ ಯಾವ ಅಜ್ಜನೂ ಮಕ್ಕಳು ಮೊಮ್ಮಕ್ಕಳನ್ನು ಅಂಗಳದಲ್ಲಿ ಕೆಡವಿ ಗೆದ್ದು ಯಜಮಾನನಾದದ್ದಲ್ಲ. ಮೊದಲು ಹುಟ್ಟಿದ್ದರಿಂದ, ದುಡಿದು ಹಾಕಿದ್ದರಿಂದ, ಕಣಜದ ಬೀಗದಕೈ ಸೊಂಟದಲ್ಲಿದ್ದದ್ದರಿಂದ ಆದದ್ದು. ಮನೆಯ ನಾಯಿಯ ವಿಷಯದಲ್ಲೂ ಬೀಗದಕೈ ಯಾರ ಸೊಂಟದಲ್ಲಿದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಊಟ, ನೀರು, ಬಾಗಿಲು, ಹೊರಗೆ ಹೋಗುವ ಹೊತ್ತು, ಮದುವೆ ಮಕ್ಕಳು ಎಲ್ಲವೂ ಮನುಷ್ಯನ ಕೈಯಲ್ಲಿ. ಇಷ್ಟೆಲ್ಲ ಅಧಿಕಾರವಿರುವವರಿಗೆ, ಬಾಗಿಲಲ್ಲಿ ನಾಯಿ ಅರ್ಧ ಅಡಿ ಮುಂದೆ ಹೋದರೆ ಪಟ್ಟ ಹೋಯಿತೆಂಬ ಭಯ ಬಂದದ್ದು ವಿಚಿತ್ರ. ಅದು ಮುಂದೆ ಓಡುವುದು ಹೊರಗಿನ ವಾಸನೆ ಕರೆಯುತ್ತಿರುವುದರಿಂದ. ಸೋಫಾ ಹತ್ತುವುದು ಅದು ಮೆತ್ತಗಿರುವುದರಿಂದ, ಮನೆಯವರ ಮೈವಾಸನೆ ಅಲ್ಲಿರುವುದರಿಂದ. ಬೇಡವೆಂದರೆ ಹತ್ತಿಸದಿರಬಹುದು, ಕೂದಲು ಉದುರುತ್ತದೆ ಎಂಬ ಕಾರಣವೇ ಸಾಕು.

ಇನ್ನು, ತೋಳದ ವಿಷಯ ಸರಿಯಿದ್ದಿದ್ದರೂ ನಾಯಿ ತೋಳವಲ್ಲ. ಮನುಷ್ಯನ ಜೊತೆ ಅದು ಕನಿಷ್ಠ ಹದಿನಾಲ್ಕು ಸಾವಿರ ವರ್ಷ ಕಳೆದಿದೆ. ಜಗತ್ತಿನ ನಾಯಿಗಳಲ್ಲಿ ಹೆಚ್ಚಿನವು ಬೆಲ್ಟು ಕಂಡವಲ್ಲ, ಬೀದಿಯಲ್ಲಿ ಬದುಕುವಂಥವು. ಅವುಗಳನ್ನು ನೋಡಲು ಭಾರತಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಮತ್ತು ಅವರ ವಿದ್ಯಾರ್ಥಿಗಳು ಹದಿನೈದು ವರ್ಷಗಳಿಂದ ಮಾಡುತ್ತಿರುವುದು ಅದನ್ನೇ. ಬೀದಿನಾಯಿಯ ಮುಂದೆ ಮುಚ್ಚಿದ ಎರಡು ಬಟ್ಟಲಿಟ್ಟು ಗುರುತಿಲ್ಲದವರು ಒಂದರತ್ತ ಬೆರಳು ತೋರಿಸಿದಾಗ, ಹತ್ತಿರ ಬಂದ ನಾಯಿಗಳಲ್ಲಿ ಹೆಚ್ಚಿನವು ಬೆರಳು ತೋರಿದ ಬಟ್ಟಲಿನತ್ತಲೇ ಹೋದವು. ಯಾರೂ ಕಲಿಸಿದ್ದಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವು ನಾಯಿಗಳಿಗೆ ಅಪರಿಚಿತರು ಪದೇಪದೇ ತಿಂಡಿ ಕೊಟ್ಟರು, ಇನ್ನು ಕೆಲವಕ್ಕೆ ತಲೆ ಸವರಿದರು. ಕೊನೆಗೆ ಹೆಚ್ಚು ನಂಬಿಕೆ ಬೆಳೆದದ್ದು ತಲೆ ಸವರಿದವರ ಮೇಲೆ. ಎರಡು ಹೊತ್ತಿನ ಊಟಕ್ಕೆ ಗ್ಯಾರಂಟಿಯಿಲ್ಲದ ಪ್ರಾಣಿಗಳ ಮಾತಿದು.

ಹಾಗಾದರೆ ಕಲಿಸುವುದು ಹೇಗೆ ಎಂಬುದಕ್ಕೆ ಉತ್ತರವೂ ಹೊಸತಲ್ಲ. ಮೋಸ್ಟ್ ಠಾಣೆಯಲ್ಲಿ ಚಾಟಿ ಹಿಡಿದಿದ್ದ ವರ್ಷಗಳಲ್ಲೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇವಾನ್ ಪಾವ್ಲೊವ್ ನಾಯಿಗಳ ಜೊಲ್ಲು ಅಳೆಯುತ್ತಿದ್ದರು. ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ ಕತೆ ಅದು. ಶಾಲೆಯ ಪುಸ್ತಕದಲ್ಲಿ ಇಲ್ಲದ್ದು 1924ರ ಸೆಪ್ಟೆಂಬರಿನ ಪ್ರವಾಹ. ಆಗ ಲೆನಿನ್‌ಗ್ರಾಡ್ ಎಂಬ ಹೆಸರು ಪಡೆದಿದ್ದ ಊರಿಗೆ ನೆವಾ ನದಿ ನುಗ್ಗಿತು. ಗೂಡುಗಳಲ್ಲಿದ್ದ ನಾಯಿಗಳ ಮೂಗಿನವರೆಗೆ ನೀರು ಬಂತು. ಕೆಲಸಗಾರರು ಅವನ್ನು ನೀರಿನಲ್ಲಿ ಎಳೆದು ತಂದು ಕಾಪಾಡಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಿದ್ದವು. ಅವುಗಳಲ್ಲೊಂದು ವಾರಗಳ ನಂತರ ಸುಧಾರಿಸಿಕೊಂಡಾಗ, ಕೋಣೆಯ ಬಾಗಿಲ ಕೆಳಗಿನಿಂದ ಸ್ವಲ್ಪ ನೀರು ಹರಿಯಬಿಟ್ಟರು. ಅಷ್ಟಕ್ಕೇ ಅದು ಮತ್ತೆ ಕುಸಿಯಿತು. ದೀಪಾವಳಿಯ ಪಟಾಕಿಗೆ ಮಂಚದ ಕೆಳಗೆ ನಡುಗುವ ನಾಯಿಯನ್ನು ಅಭ್ಯಾಸವಾಗಲಿ ಎಂದು ಬಾಲ್ಕನಿಗೆ ಎಳೆದು ತರುವವರು ಈ ಪ್ರಸಂಗವನ್ನು ನೆನೆಯಬೇಕು. ಹೆದರಿದ ಪ್ರಾಣಿ ಕಲಿಯುವುದಿಲ್ಲ, ಕಲಿತದ್ದೂ ಹೋಗುತ್ತದೆ. ಕಿಟಕಿ ಮುಚ್ಚಿ, ಫ್ಯಾನಿನ ಸದ್ದೋ ಟೀವಿಯ ಸದ್ದೋ ಇರುವ ಒಳಕೋಣೆಯಲ್ಲಿ ಅದಕ್ಕೆ ಅಡಗಲು ಜಾಗ ಕೊಟ್ಟು, ಹತ್ತಿರ ಬಂದರೆ ಸವರುವುದು ಸಾಕು. ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಪಾವ್ಲೊವ್ ನಂತರ ಅಮೆರಿಕದ ಬಿ. ಎಫ್. ಸ್ಕಿನ್ನರ್. ಅವರ ಶಿಷ್ಯರಾದ ಕೆಲ್ಲರ್ ಬ್ರೆಲಂಡ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ 1947ರಲ್ಲಿ, ಶೆಂಕೆಲ್ಲರ ತೋಳಗಳ ಲೇಖನ ಅಚ್ಚಾದ ವರ್ಷವೇ, ವಿಶ್ವವಿದ್ಯಾಲಯ ಬಿಟ್ಟು ಪ್ರಾಣಿ ತರಬೇತಿಯ ಕಂಪನಿ ಹಾಕಿದರು. ಒಂದು ಸಣ್ಣ ಸದ್ದು, ತಕ್ಷಣ ಒಂದು ತುತ್ತು: ಇಷ್ಟೇ ಬಂಡವಾಳ. ಕೋಳಿ, ಹಂದಿ, ಮೊಲ, ಕಾಗೆ ಎಂದು 140ಕ್ಕೂ ಹೆಚ್ಚು ಬಗೆಯ ಪ್ರಾಣಿಗಳಿಗೆ ಅವರು ಕೆಲಸ ಕಲಿಸಿದರು. 1951ರಲ್ಲಿ ಸ್ಕಿನ್ನರ್ ಜನಪ್ರಿಯ ವಿಜ್ಞಾನ ಪತ್ರಿಕೆಯೊಂದರಲ್ಲಿ, ಮಕ್ಕಳು ಆಡುವ ಟಿಕ್ ಟಿಕ್ ಎನ್ನುವ ಆಟಿಕೆಯಿಂದ ಮನೆನಾಯಿಗೆ ಹೇಗೆ ಕಲಿಸಬಹುದೆಂದು ಬಿಡಿಸಿ ಬರೆದರು. ನಾಯಿಯ ಟ್ರೇನರುಗಳು ಮಾತ್ರ ಆ ಕಡೆ ಹೊರಳಲಿಲ್ಲ. ಮುಂದಿನ ನಲವತ್ತು ವರ್ಷ ಅವರ ಕೈಯಲ್ಲಿ ಚೈನೇ ಇತ್ತು.

ಯಾಕೆ? ಒಂದು ಕಾರಣ ಸರಳ. ಚೈನು ಎಳೆದರೆ ನಾಯಿ ಆ ಕ್ಷಣ ನಿಲ್ಲುತ್ತದೆ. ನಿಂತದ್ದು ಕಣ್ಣಿಗೆ ಕಾಣುತ್ತದೆ, ಎಳೆದವರಿಗೆ ಸಮಾಧಾನವಾಗುತ್ತದೆ. ಸ್ಕಿನ್ನರರ ಭಾಷೆಯಲ್ಲೇ ಹೇಳಿದರೆ, ಬಹುಮಾನ ಸಿಗುತ್ತಿದ್ದದ್ದು ನಾಯಿಗಲ್ಲ, ಹೊಡೆಯುವವರಿಗೆ. ಇನ್ನೊಂದು ಕಾರಣ ಅಷ್ಟು ಸರಳವಲ್ಲ: ಆಫೀಸಿನಲ್ಲಿ, ರಸ್ತೆಯಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲೂ ಯಜಮಾನರಾಗದವರಿಗೆ ಮನೆಯಲ್ಲಿ ಒಂದಾದರೂ ಪ್ರಜೆ ಸಿಗುತ್ತಿತ್ತು.

ದಾರಿ ಬದಲಾದದ್ದು ಕೊರಳಿಗೆ ಹಗ್ಗ ಕಟ್ಟಲಾಗದ ಪ್ರಾಣಿಯಿಂದ. ಕ್ಯಾರೆನ್ ಪ್ರಯರ್ 1963ರಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಡಾಲ್ಫಿನ್‌ಗಳಿಗೆ ಕಲಿಸಬೇಕಾಗಿ ಬಂತು. ಡಾಲ್ಫಿನ್ನನ್ನು ಎಳೆಯಲಾಗದು, ಹೊಡೆಯಲಾಗದು. ಮನಸ್ಸಿಲ್ಲದಿದ್ದರೆ ಅದು ಕೊಳದ ಆಚೆ ದಡಕ್ಕೆ ಈಜಿ ಹೋಗುತ್ತದೆ. ಸೀಟಿ ಮತ್ತು ಮೀನು, ಇವೆರಡೇ ಉಳಿದ ದಾರಿ. 1984ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲಿ ನಾಯಿಯಿದ್ದರೂ ಅದು ನಾಯಿಯ ಪುಸ್ತಕವಲ್ಲ, ಗಂಡ ಹೆಂಡತಿ ಮಕ್ಕಳನ್ನೂ ಸೇರಿಸಿಕೊಂಡು ಕಲಿಕೆಯ ಬಗ್ಗೆ ಬರೆದದ್ದು. ನಾಯಿ ಸಾಕುವವರೇ ಅದನ್ನು ತಮ್ಮದು ಮಾಡಿಕೊಂಡರು. 1990ರ ದಶಕದಲ್ಲಿ ಕ್ಲಿಕ್ಕರ್ ಎಂಬ ಆ ಟಿಕ್ ಟಿಕ್ ಆಟಿಕೆ ಕೊನೆಗೂ ನಾಯಿಯ ಟ್ರೇನರುಗಳ ಜೇಬಿಗೆ ಬಂತು. ಆಟಿಕೆಯೇ ಬೇಕೆಂದಿಲ್ಲ, ನಾಲಿಗೆಯ ಲೊಟ್ಟೆ ಸದ್ದೂ ನಡೆಯುತ್ತದೆ. ಕೂತ ಕ್ಷಣ ಸದ್ದು, ಸದ್ದಿನ ಹಿಂದೆ ಒಂದು ಕಡಲೆಯಷ್ಟು ಪನೀರೋ ಬೇಯಿಸಿದ ಕೋಳಿಯ ಚೂರೋ. ಐದು ನಿಮಿಷ, ದಿನಕ್ಕೆರಡು ಮೂರು ಸಲ. ಬಾಯಲ್ಲಿ ಕಾಲುಚೀಲ ಹಿಡಿದು ಓಡುವ ಮರಿಯ ಹಿಂದೆ ಓಡುವ ಬದಲು ಅದಕ್ಕಿಂತ ಒಳ್ಳೆಯದೊಂದನ್ನು ತೋರಿಸಿ ಅದಲು ಬದಲು ಮಾಡಿಕೊಂಡರೆ, ಬಾಯಲ್ಲಿರುವುದನ್ನು ತಂದು ಕೊಡುವುದು ಲಾಭದ ವ್ಯಾಪಾರ ಎಂದು ಅದು ಕಲಿಯುತ್ತದೆ. ಕಿತ್ತುಕೊಂಡರೆ ಕಲಿಯುವುದು ನುಂಗುವುದನ್ನು.

ಯಜಮಾನಿಕೆಯ ಗದ್ದಲದಲ್ಲಿ ಬದಿಗೆ ಸರಿದ ಇನ್ನೊಂದು ಸಂಶೋಧನೆ ನಿಜಕ್ಕೂ ದೊಡ್ಡದು. ಅಮೆರಿಕದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಹುಟ್ಟಿನಿಂದಲೇ ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಕಂಡದ್ದು, ಮುಟ್ಟಿದ್ದು, ಕೇಳಿದ್ದು ಅದರ ಲೋಕವಾಗುತ್ತದೆ. ಆಮೇಲೆ ಬಂದದ್ದೆಲ್ಲ ಪರಕೀಯ. 1961ರಲ್ಲಿ ಪ್ರಕಟವಾದ ಅದೇ ಪ್ರಯೋಗಶಾಲೆಯ ಇನ್ನೊಂದು ಪ್ರಯೋಗದಲ್ಲಿ ಕೆಲವು ಮರಿಗಳನ್ನು ಬೇಲಿ ಹಾಕಿದ ಹೊಲದಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದರು. ಐದನೆಯ, ಏಳನೆಯ ವಾರದಲ್ಲಿ ಒಂದೇ ಒಂದು ವಾರ ಮನುಷ್ಯರ ಜೊತೆ ಆಡಿದ ಮರಿಗಳು ಚೆನ್ನಾಗಿಯೇ ಹೊಂದಿಕೊಂಡವು. ಹದಿನಾಲ್ಕು ವಾರ ಮನುಷ್ಯರನ್ನು ಕಾಣದೇ ಇದ್ದವು ಕಾಡುಪ್ರಾಣಿಯಂತೆ ಬೆದರಿಯೇ ಉಳಿದವು.

ಭಾರತದ ಶಹರಗಳಲ್ಲಿ ಎಡವಟ್ಟಾಗುವುದು ಇಲ್ಲೇ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಅದು ಸರಿಯಾದ ನಿಯಮ. ತಾಯಿಯ ಹತ್ತಿರ, ಒಡಹುಟ್ಟಿದವುಗಳ ಹತ್ತಿರ ಕಲಿಯುವುದು ಬೇಕಾದಷ್ಟಿದೆ, ಕಚ್ಚಿದರೆ ನೋಯುತ್ತದೆ ಎಂಬುದೂ ಸೇರಿ. ಆದರೆ ಮನೆಗೆ ಬಂದ ಮೇಲೆ ಪಾರ್ವೊ ರೋಗದ ಭಯದಿಂದ, ಲಸಿಕೆಗಳೆಲ್ಲ ಮುಗಿಯಲಿ ಎಂದು ನಾಲ್ಕು ತಿಂಗಳ ತನಕ ಮರಿಯನ್ನು ಫ್ಲ್ಯಾಟಿನಲ್ಲಿ ಮುಚ್ಚಿಡುತ್ತಾರೆ. ಹೊರಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆಟೋದ ಸದ್ದು, ಹೆಲ್ಮೆಟ್ಟು, ಊರುಗೋಲು, ಲಿಫ್ಟು, ವಾಚ್‌ಮನ್, ಓಡುವ ಮಕ್ಕಳು ಎಲ್ಲವೂ ಭೂತ. ಪಾರ್ವೊ ಕೊಲ್ಲುತ್ತದೆ, ಭಯ ಸುಳ್ಳಲ್ಲ. ಆದರೆ ಎತ್ತಿಕೊಂಡು ಹೊರಗೆ ಹೋಗಬಹುದು. ಹೆಗಲ ಮೇಲೆ ಬಟ್ಟೆಯ ಚೀಲದಲ್ಲಿ ಕೂರಿಸಿಕೊಂಡು ಸಂತೆ ಬೀದಿ ತೋರಿಸಬಹುದು, ಮನೆಗೆ ಬಗೆಬಗೆಯ ಜನರನ್ನು ಕರೆಯಬಹುದು. ನೆಲಕ್ಕೆ ಇಳಿಸದಿದ್ದರಾಯಿತು. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಶುಚಿಯಾದ ಜಾಗದಲ್ಲಿ, ಲಸಿಕೆಯಾದ ಬೇರೆ ಮರಿಗಳ ಜೊತೆ ಬೆರೆಸಬಹುದೆಂದು ಅಮೆರಿಕದ ಪಶುವೈದ್ಯ ವರ್ತನಾ ಸಂಘ 2008ರಲ್ಲೇ ಹೇಳಿದೆ. ಊರಿನ ರೋಗದ ಸ್ಥಿತಿ ನೋಡಿಕೊಂಡು ಸ್ಥಳೀಯ ವೈದ್ಯರನ್ನು ಕೇಳಿ ಮಾಡುವ ಕೆಲಸ ಅದು.

ಅದೇ ಸಂಘ ಅದೇ ವರ್ಷ ಯಜಮಾನಿಕೆಯ ತರಬೇತಿಯ ವಿರುದ್ಧವೂ ಹೇಳಿಕೆ ಹೊರಡಿಸಿತು. ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಗನ್ ಹೆರನ್ ಮತ್ತು ಸಂಗಡಿಗರು ಒಂದು ಸಮೀಕ್ಷೆ ಪ್ರಕಟಿಸಿದರು. ವರ್ತನೆಯ ತೊಂದರೆಗೆಂದು ನಾಯಿಯನ್ನು ಆಸ್ಪತ್ರೆಗೆ ತಂದ 140 ಮಂದಿಯನ್ನು, ಏನೇನು ಮಾಡಿ ನೋಡಿದಿರಿ, ನಾಯಿ ಏನು ಮಾಡಿತು ಎಂದು ಕೇಳಿದ್ದರು. ಹೊಡೆದವರಲ್ಲಿ, ಒದ್ದವರಲ್ಲಿ ಶೇಕಡಾ 43 ಮಂದಿಯ ಮೇಲೆ ನಾಯಿ ತಿರುಗಿ ಬಿದ್ದಿತ್ತು. ಬಾಯಲ್ಲಿದ್ದುದನ್ನು ಬಲವಂತವಾಗಿ ಕಿತ್ತವರಲ್ಲಿ 39. ಬೆನ್ನಮೇಲೆ ಉರುಳಿಸಿದವರಲ್ಲಿ 31. ಸುಮ್ಮನೆ ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಿದವರಲ್ಲಿಯೂ 30.

ಗುರ್ ಎನ್ನುವುದು ನಾಯಿಯ ಬೈಗುಳವಲ್ಲ, ಅದರ ಕೋರಿಕೆ. ಸಾಕು, ಹಿಂದೆ ಸರಿ ಎಂದು ಕೇಳುವ ರೀತಿ. ಅದಕ್ಕೂ ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಬಿಗಿಹಿಡಿಯುತ್ತದೆ. ಮಗು ಅಪ್ಪಿಕೊಂಡಾಗ ಫೋಟೋ ತೆಗೆಯುವ ಸಂಭ್ರಮದಲ್ಲಿ ಇವೆಲ್ಲ ತಪ್ಪಿಹೋಗುತ್ತವೆ. ಗುರ್ ಎಂದಾಗಲೆಲ್ಲ ಏಟು ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಅಂಥ ನಾಯಿ ಮುಂದೊಂದು ದಿನ ಕಚ್ಚಿದಾಗ ಮನೆಯವರು, ಏನೂ ಸೂಚನೆಯೇ ಇರಲಿಲ್ಲ ಎನ್ನುತ್ತಾರೆ. ಸೂಚನೆಯನ್ನು ಅವರೇ ಹೊಡೆದು ಓಡಿಸಿರುತ್ತಾರೆ. ರೇಬೀಸ್ ಇನ್ನೂ ಇರುವ ಈ ದೇಶದಲ್ಲಿ ಕಚ್ಚಿಸಿಕೊಳ್ಳುವುದೆಂದರೆ ಗಾಯವೊಂದೇ ಅಲ್ಲ. ಮನೆಯ ನಾಯಿಯೇ ಇರಲಿ, ಹಲ್ಲು ತಾಗಿದ ಜಾಗವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ನಾಯಿಯ ಪಾಡು ಬೇರೆಯೇ. ಮನೆಯ ಮಗುವನ್ನು ಕಚ್ಚಿದ ನಾಯಿ ಆ ಮನೆಯಲ್ಲಿ ಉಳಿಯುವುದು ಅಪರೂಪ. ಎಷ್ಟೋ ಸಲ ಅದು ಊರಾಚೆಯ ಹೆದ್ದಾರಿಯ ಬದಿಯಲ್ಲಿ, ಕೊರಳಪಟ್ಟಿಯನ್ನೂ ಕಳಚಿಸಿಕೊಂಡು, ಹೋದ ಕಾರಿನ ದಿಕ್ಕು ನೋಡುತ್ತ ಕೂತಿರುತ್ತದೆ.

ನ್ಯೂ ಸ್ಕೀಟಿನ ಸನ್ಯಾಸಿಗಳು 2002ರ ಪರಿಷ್ಕೃತ ಆವೃತ್ತಿಯಲ್ಲಿ ಆಲ್ಫಾ ಉರುಳನ್ನು ಕೈಬಿಟ್ಟರು, ಮಾಡಬೇಡಿ ಎಂದೇ ಹೇಳಿದರು. ಬರೆದದ್ದು ತಪ್ಪೆಂದು ಅಚ್ಚಿನಲ್ಲೇ ಒಪ್ಪಿಕೊಳ್ಳುವ ದೊಡ್ಡತನ ಎಲ್ಲರಿಗೂ ಬರುವಂಥದ್ದಲ್ಲ. ಮೀಚ್ ಅವರದ್ದು ಇನ್ನೂ ಕಷ್ಟದ ಕೆಲಸ. 1970ರ ಪುಸ್ತಕವನ್ನು ಮತ್ತೆ ಮತ್ತೆ ಅಚ್ಚು ಹಾಕಬೇಡಿ, ಅದರಲ್ಲಿರುವ ಆಲ್ಫಾದ ಮಾತು ಹಳತಾಗಿದೆ, ತಪ್ಪು ಎಂದು ಅವರು ಪ್ರಕಾಶಕರನ್ನು ವರ್ಷವರ್ಷ ಕೇಳುತ್ತಲೇ ಬಂದರು. ಪುಸ್ತಕಕ್ಕೆ ಬೇಡಿಕೆಯಿತ್ತು, ಅಚ್ಚು ನಡೆಯುತ್ತಲೇ ಇತ್ತು. ಕೊನೆಗೆ 2022ರಲ್ಲಿ ಅದು ನಿಂತಿತು. ಆಗ ಮೀಚ್‌ಗೆ ಎಂಬತ್ತೈದು ವರ್ಷ. ಹಳೆಯ ಪ್ರತಿಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತವೆ.